ಪೈಲಟ್‌ಗೆ ನನ್ನ ಅಳಿಲು ಸೇವೆ

ವಿಮಾನವನ್ನು ಹಾರಿಸುವವರು ಪೈಲಟ್‌ಗಳೆಂದು ಲೋಕವೆಲ್ಲ ನಂಬಿರಬಹುದು. ಆದರೆ ನಾನು ಹತ್ತಿದ ವಿಮಾನವನ್ನು ಆಕಾಶದಲ್ಲಿ ಎತ್ತಿ ಹಿಡಿದಿರುವುದು ಸೀಟಿನ ತೋಳುಗಳನ್ನು ಬಿಗಿಯಾಗಿ ಹಿಡಿದು ಮೇಲಕ್ಕೆಳೆಯುವ ನನ್ನ ಹತ್ತು ಬೆರಳುಗಳೇ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಕಳೆದ ಸಲ ಹೀಗೆ ಹತ್ತು ನಿಮಿಷ ಸೇವೆ ಸಲ್ಲಿಸಿದ ಮೇಲೆ ಪಕ್ಕದ ಹಿರಿಯರು, “ಸ್ವಾಮೀ, ಅದು ನನ್ನ ಮೊಣಕೈ” ಎಂದು ಸೌಮ್ಯವಾಗಿ ತಿಳಿಸಿದರು.

ನನ್ನ ಭಯ ಹೊಕ್ಕಿರುವುದು ಕಿವಿಯ ಮೂಲಕ. ನೆಲ ಬಿಟ್ಟ ಸ್ವಲ್ಪ ಹೊತ್ತಿಗೆ ಕಾಲಡಿಯಲ್ಲಿ ಧಡ್ ಎಂದರೆ ಚಕ್ರಗಳು ಒಳಗೆ ಮಡಚಿಕೊಂಡಿವೆ ಎಂದರ್ಥ. ಇನ್ನಷ್ಟು ಏರಿದ ಮೇಲೆ ಇಂಜಿನ್ನಿನ ಆರ್ಭಟ ತಟ್ಟನೆ ತಗ್ಗಿದರೆ, ಟೇಕಾಫ್‌ಗೆ ಬೇಕಾಗಿದ್ದ ಶಕ್ತಿಯನ್ನು ಪೈಲಟ್ ಬೇಕೆಂದೇ ಇಳಿಸಿದ್ದಾರೆ ಎಂದರ್ಥ. ಇವನ್ನೆಲ್ಲ ನಾನು ಓದಿ ಬಾಯಿಪಾಠ ಮಾಡಿದ್ದೇನೆ. ಆದರೆ ಓದಿದ್ದು ತಲೆ, ಹೆದರುವುದು ಹೊಟ್ಟೆ; ಅವೆರಡಕ್ಕೂ ಬಹಳ ವರ್ಷಗಳಿಂದ ಮಾತುಕತೆಯಿಲ್ಲ.

ಓದಿನಿಂದ ಆದ ನಷ್ಟವೂ ಉಂಟು. 1982ರ ಜೂನ್ ತಿಂಗಳ ಒಂದು ರಾತ್ರಿ ಇಂಡೋನೇಷ್ಯಾದ ಬಳಿ ಹಾರುತ್ತಿದ್ದ ಬೋಯಿಂಗ್ 747 ವಿಮಾನದ ನಾಲ್ಕೂ ಇಂಜಿನ್‌ಗಳು ಜ್ವಾಲಾಮುಖಿಯ ಬೂದಿ ಹೊಕ್ಕು ನಿಂತುಹೋದಾಗ, ಕ್ಯಾಪ್ಟನ್ ಎರಿಕ್ ಮೂಡಿ ಅದನ್ನು ಪ್ರಯಾಣಿಕರಿಗೆ ಒಂದು ಸಣ್ಣ ತೊಂದರೆ ಎಂದು ಬಣ್ಣಿಸಿ, ಬೂದಿಯಿಂದ ಕೆಳಗಿಳಿದ ಮೇಲೆ ಇಂಜಿನ್‌ಗಳನ್ನು ಮತ್ತೆ ಹೊತ್ತಿಸಿ, ಎಲ್ಲರನ್ನೂ ಜೀವಂತವಾಗಿ ಜಕಾರ್ತದಲ್ಲಿ ಇಳಿಸಿದರು. ಆ ಸಮಚಿತ್ತಕ್ಕೆ ಕೈ ಮುಗಿಯಬೇಕು. ಆದರೆ ಅದನ್ನು ಓದಿದಂದಿನಿಂದ ವಿಮಾನದ ಸ್ಪೀಕರಿನಲ್ಲಿ ಯಾರಾದರೂ ಶಾಂತವಾಗಿ ಮಾತನಾಡಿದರೆ ಸಾಕು, ನನಗೆ ಬೆವರು ಕಿತ್ತುಕೊಂಡು ಬರುತ್ತದೆ.

ಅದೇ ಮೊಣಕೈ ಪ್ರಯಾಣದಲ್ಲಿ, ಇನ್ನೇನು ಚಕ್ರ ರನ್‌ವೇಗೆ ತಾಗಬೇಕು ಎನ್ನುವಷ್ಟರಲ್ಲಿ ವಿಮಾನ ಗರ್ಜಿಸಿ, ಮೂತಿ ಮೇಲೆತ್ತಿ, ಬಂದ ಆಕಾಶಕ್ಕೇ ವಾಪಸು ಹೊರಟಿತು. ಇದಕ್ಕೆ ಗೋ-ಅರೌಂಡ್ ಎನ್ನುತ್ತಾರೆ. ಇಳಿಯಲು ಎಲ್ಲವೂ ಸರಿಯಾಗಿ ಕೂಡಿಬರದಿದ್ದರೆ ಇನ್ನೊಂದು ಸುತ್ತು ಹಾಕಿ ಬರುವುದು ಪೈಲಟ್‌ಗಳು ಮೊದಲೇ ಅಭ್ಯಾಸ ಮಾಡಿಕೊಂಡಿರುವ ಕ್ರಮ. ನಮ್ಮ ಕ್ಯಾಪ್ಟನ್, ಮುಂದೆ ಇಳಿದ ವಿಮಾನ ಇನ್ನೂ ರನ್‌ವೇ ಬಿಟ್ಟಿರಲಿಲ್ಲ ಎಂದು ವಿವರಿಸಿದರು. ಅತ್ಯಂತ ಶಾಂತವಾಗಿ ವಿವರಿಸಿದರು. ನನಗೆ ಇನ್ನು ಯಾವ ಪುರಾವೆಯೂ ಬೇಕಿರಲಿಲ್ಲ. ಸುರಕ್ಷತಾ ಕಾರ್ಡಿನ ಚಿತ್ರದಲ್ಲಿದ್ದಂತೆ ಬಗ್ಗಿ, ತಲೆಯನ್ನು ಮೊಣಕಾಲಿಗೆ ತಂದು, ಎರಡೂ ಕೈಗಳಿಂದ ಕಾಲುಗಳನ್ನು ಹಿಡಿದು ಕುಳಿತೆ; ಸೊಂಟದ ಬೆಲ್ಟು ಹೊಟ್ಟೆಗೆ ಕಚ್ಚಿತು, ಕಣ್ಣಿನ ಮುಂದೆ ನನ್ನದೇ ಬೂಟಿನ ಬಿಚ್ಚಿದ ಲೇಸು ತೂಗಾಡುತ್ತಿತ್ತು.

“ಏನಾದರೂ ಬಿತ್ತೇ?” ಎಂದು ಹಿರಿಯರು ಕೇಳಿದರು.

ಮರ್ಯಾದೆಯ ಪ್ರಶ್ನೆ. “ಪೆನ್ನು” ಎಂದೆ.

ಪಾಪ, ಅವರೂ ಬಗ್ಗಿ, ಮೊಬೈಲಿನ ಟಾರ್ಚ್ ಹಾಕಿ ಸೀಟಿನ ಕೆಳಗೆ ಹುಡುಕತೊಡಗಿದರು. ಇಬ್ಬರ ತಲೆಗಳೂ ಕೆಳಗಿದ್ದಾಗಲೇ ಚಕ್ರಗಳು ನೆಲ ಮುಟ್ಟಿದವು. ನಾವು ಮೇಲೇಳುವ ಹೊತ್ತಿಗೆ ಜನ ಲಗೇಜು ಇಳಿಸಲು ಎದ್ದು ನಿಂತಿದ್ದರು, ಹಿರಿಯರ ಕೈಯಲ್ಲಿ ಒಂದು ನೀಲಿ ಪೆನ್ನು ಇತ್ತು.

ಅದು ನನ್ನದಲ್ಲ. ಧನ್ಯವಾದ ಹೇಳಿ ಜೇಬಿಗೆ ಸಿಕ್ಕಿಸಿಕೊಂಡೆ.