ಜ್ವರ ಅಂತ ಹೇಳಿ ಮಲಗುವ ಪೈಲಟ್‌ಗಳು

2025ರ ಡಿಸೆಂಬರ್ ಮೊದಲ ವಾರ ನಾನು ಊರಿನಲ್ಲಿದ್ದೆ. ಸೋಮವಾರಪೇಟೆ ಹತ್ತಿರ ನಮ್ಮ ದೊಡ್ಡಪ್ಪನ ಸಣ್ಣ ತೋಟ. ಅರೇಬಿಕಾ ಕೊಯ್ಲು ಜೋರಾಗಿತ್ತು. ಟಿವಿಯಲ್ಲಿ ಮಾತ್ರ ಬೆಳಗಿನಿಂದ ಒಂದೇ ಸುದ್ದಿ. ಇಂಡಿಗೋ ವಿಮಾನಗಳು ಸಾಲು ಸಾಲಾಗಿ ರದ್ದು, ನಿಲ್ದಾಣದ ತುಂಬಾ ಸೂಟ್‌ಕೇಸ್ ರಾಶಿ, ಕೌಂಟರ್ ಮುಂದೆ ಕೂಗಾಟ. ಪೈಲಟ್‌ಗಳ ವಿಶ್ರಾಂತಿಯ ಹೊಸ ನಿಯಮಕ್ಕೆ ತಕ್ಕಷ್ಟು ಪೈಲಟ್‌ಗಳೇ ಇಲ್ಲವಂತೆ.

ದೊಡ್ಡಪ್ಪ ಸೇನೆಯಲ್ಲಿ ಸುಬೇದಾರ್ ಆಗಿದ್ದವರು. ಕಾಫಿ ಲೋಟ ಕೆಳಗಿಟ್ಟು ಒಂದೇ ಮಾತಿನಲ್ಲಿ ತೀರ್ಪು ಕೊಟ್ಟರು. "ಲಕ್ಷಗಟ್ಟಲೆ ಸಂಬಳ ತಗೊಂಡು ಸುಸ್ತು ಅಂತಾರಲ್ಲೋ ಇವರು. ಸಿಯಾಚಿನ್‌ನಲ್ಲಿ ನಾವು ಸುಸ್ತು ಅಂದಿದ್ವಾ?"

ಯಾರೂ ಎದುರಾಡಲಿಲ್ಲ. ಕಾರ್ಯಪ್ಪ, ತಿಮ್ಮಯ್ಯ ಹುಟ್ಟಿದ ಜಿಲ್ಲೆಯಲ್ಲಿ ಸೇನೆಯ ಮಾತು ಬಂದರೆ ಎದುರುತ್ತರ ಕೊಡೋದು ಕಷ್ಟ. ನನಗೆ ಮಾತ್ರ ಸುಮ್ಮನಿರಲು ಆಗಲಿಲ್ಲ. "ದೊಡ್ಡಪ್ಪ, ನೀವು ನಿದ್ದೆಗೆಟ್ಟಾಗ ನಿಮ್ಮ ಬೆನ್ನ ಹಿಂದೆ ನೂರೆಂಬತ್ತು ಜನ ಸೀಟ್ ಬೆಲ್ಟ್ ಹಾಕಿಕೊಂಡು ಕೂತಿರಲಿಲ್ಲ" ಅಂದೆ. ಅವರು ಚಾನೆಲ್ ಬದಲಾಯಿಸಿದರು.

ನಾನಿರುವುದು ಅಮೆರಿಕದ ಡಲ್ಲಾಸ್‌ನಲ್ಲಿ. 2022ರ ಜೂನ್‌ನಲ್ಲಿ ಅಲ್ಲಿನ ಲವ್ ಫೀಲ್ಡ್ ವಿಮಾನ ನಿಲ್ದಾಣದ ಹೊರಗೆ ಸೌತ್‌ವೆಸ್ಟ್ ಏರ್‌ಲೈನ್ಸ್ ಪೈಲಟ್‌ಗಳು ಸಮವಸ್ತ್ರದಲ್ಲಿ, ಕೈಯಲ್ಲಿ ಫಲಕ ಹಿಡಿದು ನಿಂತಿದ್ದರು. ಡಲ್ಲಾಸ್‌ನ ಜೂನ್ ಬಿಸಿಲು ಅಂದರೆ ನಮ್ಮ ಕಡೆಯವರಿಗೆ ಹೇಳಿದರೆ ಅರ್ಥವಾಗಲ್ಲ. ಅದು ಮುಷ್ಕರವಲ್ಲ, ಎಲ್ಲರೂ ಬಂದಿದ್ದು ತಮ್ಮ ರಜೆಯ ದಿನ. ಒಳಗೆ ವಿಮಾನಗಳು ಹಾರುತ್ತಲೇ ಇದ್ದವು. ಹೊರಗೆ ಇವರು "ನಮ್ಮ ರೋಸ್ಟರ್ ಸರಿಯಿಲ್ಲ, ಸುಸ್ತಾಗಿದೀವಿ" ಅಂತ ಮುಖ ತೋರಿಸಿಯೇ ಹೇಳುತ್ತಿದ್ದರು.

ಹಾಗಂತ ಅಮೆರಿಕ ಸ್ವರ್ಗ ಅಂತ ನಾನು ಹೇಳಲ್ಲ. ಅಲ್ಲಿ ಪೈಲಟ್‌ಗಳಿಗೆ ಅನ್ವಯಿಸೋದು 1926ರಲ್ಲಿ ರೈಲ್ವೆಗೆಂದು ಮಾಡಿದ ಕಾನೂನು. 1936ರಲ್ಲಿ ಅದನ್ನೇ ವಿಮಾನಕ್ಕೂ ಹಚ್ಚಿದರು. ಆ ಕಾನೂನಿನಲ್ಲಿ ಸಂಬಳದ ಒಪ್ಪಂದಕ್ಕೆ ಕೊನೆಯೇ ಇಲ್ಲ. ಗಡುವು ಬಂದರೂ ಹೊಸದು ಆಗುವ ತನಕ ಹಳೆಯದೇ ನಡೆಯುತ್ತದೆ. ಮುಷ್ಕರ ಮಾಡಬೇಕೆಂದರೆ ಸರ್ಕಾರದ ಮಧ್ಯಸ್ಥಿಕೆ ಮಂಡಳಿ ಮೊದಲು ಸಂಧಾನ ಕೈಬಿಡಬೇಕು, ಆಮೇಲೆ ಮತ್ತೆ 30 ದಿನ ಕಾಯಬೇಕು. ಎಳೆಯುವ ಮನಸ್ಸಿದ್ದ ಕಂಪನಿ ಎಷ್ಟು ಬೇಕಾದರೂ ಎಳೆಯಬಹುದು. ಸೌತ್‌ವೆಸ್ಟ್ ಪೈಲಟ್‌ಗಳ ಒಪ್ಪಂದ ತಿದ್ದುಪಡಿಗೆ ಬಂದದ್ದು 2020ರಲ್ಲಿ, ಹೊಸದಕ್ಕೆ ಅವರು ಒಪ್ಪಿದ್ದು 2024ರ ಜನವರಿಯಲ್ಲಿ. ನಡುವೆ, 2023ರಲ್ಲಿ, ಮತ ಹಾಕಿದವರಲ್ಲಿ ಶೇ 99 ಮಂದಿ ಮುಷ್ಕರಕ್ಕೆ ಸೈ ಅಂದಿದ್ದರು. ಕೊನೆಗೆ ಮುಷ್ಕರ ಆಗಲೇ ಇಲ್ಲ.

ವಿಶ್ರಾಂತಿಯ ನಿಯಮವೂ ಅಲ್ಲಿ ಸುಮ್ನೆ ಬಂದದ್ದಲ್ಲ. 2009ರಲ್ಲಿ ಬಫಲೋ ಹತ್ತಿರ ಒಂದು ವಿಮಾನ ಬಿದ್ದು 50 ಜನ ಸತ್ತರು. ಅದಾದ ಮೇಲೆ ಬಂದ ನಿಯಮ ಜಾರಿಯಾಗಿದ್ದು 2014ರಲ್ಲಿ. ಅದರಿಂದಲೂ ಸರಕು ವಿಮಾನದ ಪೈಲಟ್‌ಗಳನ್ನು ಹೊರಗಿಟ್ಟರು. ಪೆಟ್ಟಿಗೆ ಹೊರುವವನಿಗೆ ನಿದ್ದೆ ಬರಲ್ವಾ?

ನಮ್ಮಲ್ಲಿ ನಿಯಮ ಅಷ್ಟೇನೂ ಕೆಟ್ಟದಾಗಿರಲಿಲ್ಲ. 2024ರ ಜನವರಿಯಲ್ಲಿ ವಿಮಾನಯಾನ ನಿಯಂತ್ರಣ ಸಂಸ್ಥೆ ಡಿಜಿಸಿಎ ಪೈಲಟ್‌ಗಳ ವಾರದ ವಿಶ್ರಾಂತಿಯನ್ನು 36 ಗಂಟೆಯಿಂದ 48ಕ್ಕೆ ಏರಿಸಿತು. ರಾತ್ರಿ ಲ್ಯಾಂಡಿಂಗ್‌ಗಳ ಮಿತಿ ಆರರಿಂದ ಎರಡಕ್ಕೆ ಇಳಿಯಿತು. ಜಾರಿ ಮುಂದಕ್ಕೆ ಹೋಯಿತು, ವಿಷಯ ದೆಹಲಿ ಹೈಕೋರ್ಟ್ ಹತ್ತಿತು, ನಿಯಮದ ಎರಡನೇ ಹಂತ ಬಂದದ್ದು 2025ರ ನವೆಂಬರ್ 1ಕ್ಕೆ. ಒಂದೇ ತಿಂಗಳಿಗೆ ವಿಮಾನಗಳು ನಿಂತವು. ಆಗ ಸಡಿಲವಾಗಿದ್ದು ಯಾವುದು? ಪೈಲಟ್‌ನ ನಿದ್ದೆ. ಇಂಡಿಗೋಗೆ ತಾತ್ಕಾಲಿಕ ವಿನಾಯಿತಿ ಸಿಕ್ಕಿತು.

ನನ್ನ ತಂಗಿಯ ಮಗ ಪೈಲಟ್. ಯಾವ ಕಂಪನಿ ಅನ್ನೋದು ಬೇಡ. ಒಮ್ಮೆ ಫೋನಿನಲ್ಲಿ ಕೇಳಿದೆ, ಸುಸ್ತಾದರೆ ಏನು ಮಾಡ್ತೀಯ ಅಂತ. "ಸುಸ್ತು ಅಂತ ಬರೆದರೆ ನೂರು ಪ್ರಶ್ನೆ ಮಾವ. ಜ್ವರ ಅಂದರೆ ಒಂದೇ ಪ್ರಶ್ನೆ, ಯಾವಾಗ ಬರ್ತೀರಿ ಅಂತ" ಅಂದ. ಬಿಟ್ಟು ಬೇರೆ ಕಡೆ ಹೋಗೋಣ ಅಂದರೆ 2017ರಿಂದ ಕ್ಯಾಪ್ಟನ್‌ಗೆ ಒಂದು ವರ್ಷ, ಸಹಪೈಲಟ್‌ಗೆ ಆರು ತಿಂಗಳು ನೋಟಿಸ್. 2012ರಲ್ಲಿ ಏರ್ ಇಂಡಿಯಾ ಪೈಲಟ್‌ಗಳ 58 ದಿನದ ಮುಷ್ಕರವೂ ಶುರುವಾಗಿದ್ದು ಸಾಮೂಹಿಕ ಸಿಕ್ ಲೀವ್‌ನಿಂದಲೇ.

ಈ ಜ್ವರ ನನಗೆ ಹೊಸದಲ್ಲ. ನಮ್ಮ ತೋಟದಲ್ಲೂ ಕೂಲಿ ಸಾಲದು ಅಂತ ಯಾರೂ ಬಾಯಿಬಿಟ್ಟು ಹೇಳಿದ್ದು ನೆನಪಿಲ್ಲ. ಮಾರನೇ ದಿನ ಜೀಪಿನಲ್ಲಿ ಆರು ಜನ ಕಮ್ಮಿ ಬರುತ್ತಾರೆ. ಕೇಳಿದರೆ ಮೇಸ್ತ್ರಿ "ಹುಷಾರಿಲ್ವಂತೆ ಸಾರ್" ಅನ್ನುತ್ತಾನೆ. ದೊಡ್ಡಪ್ಪ ಬೈಯುತ್ತಾರೆ, ಆ ಆರು ಜನ ಪಕ್ಕದ ತೋಟದಲ್ಲಿ ಹಣ್ಣು ಕುಯ್ಯುತ್ತಿರುತ್ತಾರೆ. ನನ್ನ ಪ್ರಕಾರ ಅಲ್ಲಿಗೂ ಇಲ್ಲಿಗೂ ಇರುವ ವ್ಯತ್ಯಾಸ ಇಷ್ಟೇ. ಅಮೆರಿಕದ ಪೈಲಟ್ ನಾಲ್ಕು ವರ್ಷ ಕಾದರೂ ತನ್ನ ದೂರನ್ನು ದೂರು ಅಂತಲೇ ಹೇಳಬಹುದು. ಇಲ್ಲಿ ಅದಕ್ಕೆ ಜ್ವರದ ಹೆಸರು ಬೇಕು.

ಸಂಬಳದ ಲೆಕ್ಕವೂ ಹಾಗೇ. ಬಹಳಷ್ಟು ಕಂಪನಿಗಳಲ್ಲಿ ಪೈಲಟ್‌ನ ಹಾರಾಟದ ಗಂಟೆ ಶುರುವಾಗೋದು ವಿಮಾನ ಜಾಗ ಬಿಟ್ಟು ಕದಲಿದ ಮೇಲೆ. ಅದಕ್ಕೂ ಮುಂಚಿನ ತಯಾರಿ, ನಡುವೆ ನಿಲ್ದಾಣದಲ್ಲಿ ಕಾಯುವುದು ಆ ಗಂಟೆಗೆ ಸೇರಲ್ಲ. ಕೆಜಿ ಲೆಕ್ಕದಲ್ಲಿ ಕುಯ್ಯುವವರಿಗೂ ಮಂಜಿನಲ್ಲಿ ತೋಟದ ಇಳಿಜಾರು ಹತ್ತಿಳಿಯುವ ಹೊತ್ತು ಸೇರಲ್ಲ. ತಕ್ಕಡಿಗೆ ಬಿದ್ದಿದ್ದು ಮಾತ್ರ ಲೆಕ್ಕ.

ನಾನು ಹೊರಡುವ ಹಿಂದಿನ ಸಂಜೆ ಕಣದಲ್ಲಿ ತೂಕ ನಡೆದಿತ್ತು. ಚೀಲದ ಬಾಬ್ತು ಅಂತ ಪ್ರತಿ ಮೂಟೆಗೆ ಎರಡು ಕೆಜಿ ಕಳೆಯೋದು ದೊಡ್ಡಪ್ಪನ ಹಳೇ ಪದ್ಧತಿ. ಕೊಣನೂರು ಕಡೆಯ ಒಬ್ಬ ಹೆಂಗಸು ತನ್ನ ಮೂಟೆ ಸುರಿದು, ಖಾಲಿ ಚೀಲವನ್ನು ತಾನೇ ಕೊಕ್ಕೆಗೆ ಸಿಕ್ಕಿಸಿದಳು. "ನೋಡಿ ಸಾರ್, ಎಷ್ಟಿದೆ ಅಂತ." ಮುಳ್ಳು ಒಂದು ಕೆಜಿಯನ್ನೂ ಮುಟ್ಟಲಿಲ್ಲ. ಎಲ್ಲರೂ ದೊಡ್ಡಪ್ಪನ ಮುಖ ನೋಡಿದರು. ಅವರು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಮುಳ್ಳು ನೋಡಿದರು. "ಒಂದೇ ಕಳಿಯೋ" ಅಂದರು ಮೇಸ್ತ್ರಿಗೆ.

ಡಲ್ಲಾಸ್‌ಗೆ ಬಂದ ಮೇಲೆ ಫೋನ್ ಮಾಡಿದಾಗ ವಿಚಾರಿಸಿದೆ. ಈಗಲೂ ಒಂದೇ ಕೆಜಿ ಕಳೆಯುತ್ತಿದ್ದಾರಂತೆ. ಅಮೆರಿಕದ ಪೈಲಟ್‌ಗಳಾಗಿದ್ದರೆ ಹಿಂದಿನ ವರ್ಷಗಳ ಬಾಕಿಯನ್ನೂ ಕೇಳುತ್ತಿದ್ದರು ಅಂದೆ. "ಸುಮ್ನಿರೋ, ಅವಳಿಗೆ ಹೇಳಿಗೀಳಿಯಾ" ಅಂತ ಫೋನ್ ಇಟ್ಟರು.