ಸಾವಿರ ವರ್ಷದ ಹಿಂದ ಚಹಾ ಸಿಗೂದಿಲ್ಲರಿ

ನನ್ನ ಕಾದಂಬರಿ ಹೀರೋಯಿನ್ ಸಾವಿರ ವರ್ಷ ಹಿಂದಕ್ಕ ಹೋಗಿ ಲಕ್ಕುಂಡ್ಯಾಗ ಇಳದಾಳ, ಇಳದ ಐದ ನಿಮಿಷಕ್ಕ ಆಕೀಗೆ ಚಹಾ ಬೇಕಾಗೇತಿ, ಚಹಾ ಇಲ್ಲ. ಕಥಿ ಅಲ್ಲೇ ನಿಂತಬಿಟ್ಟೈತಿ ನೋಡ್ರಿ. ಮುಂದ ಅರಮನಿ ರಾಜಕಾರಣ ಐತಿ, ಮಂತ್ರವಾದಿ ಅದಾನ, ಬೆಳದಿಂಗಳದಾಗ ಪ್ರೇಮ ಐತಿ, ಎಲ್ಲಾ ತಲ್ಯಾಗ ರೆಡಿ ಐತಿ, ಆದ್ರ ಮುಂಜಾನಿ ಚಹಾ ಇಲ್ಲದ ಗದಗಿನ ಹೆಣಮಗಳು ಯಾರನ್ನ ಪ್ರೀತಿ ಮಾಡ್ಯಾಳ್ರಿ, ತಲಿ ಹಿಡಕೊಂಡು ಎದುರಿಗೆ ಬಂದವರ ಜೋಡಿ ಜಗಳಾ ತಗೀತಾಳ ಅಷ್ಟ.

ನಮ್ದು ಬಸ್ ಸ್ಟ್ಯಾಂಡ್ ಕಡೆ ಒಂದ ಸಣ್ಣ ಝೆರಾಕ್ಸ್ ಅಂಗಡಿ. ಮಧ್ಯಾಹ್ನ ಗಿರಾಕಿ ಇರೂದಿಲ್ಲ, ಫೋನಿನಾಗ ಈ ಟೈಮ್ ಟ್ರಾವೆಲ್ ಲವ್ ಸ್ಟೋರಿ ಓದಾಕ ಹತ್ತಿದ್ದೆ. ಎಲ್ಲಾದ್ರಾಗೂ ಒಂದ ಹುಡುಗಿ, ಒಂದ ಹಳೇ ಕನ್ನಡಿ, ಮಾಟಗಾತಿ ಒಬ್ಬಾಕಿ, ಆಮ್ಯಾಲ ಮಂಜ ಬೀಳೂ ದೇಶದ ಕ್ವಾಟಿ, ಕುದರಿ ಮ್ಯಾಲ ಒಬ್ಬ ರಾಜಕುಮಾರ. ಓದಿ ಓದಿ ಅನಿಸ್ತು, ಅಲ್ಲ, ಕೊಪ್ಪಳ ರಸ್ತಾ ಹಿಡದ್ರ 11-12 ಕಿಲೋಮೀಟರಿಗೆ ನಮ್ಮ ಲಕ್ಕುಂಡಿ ಐತಿ, ನೂರೊಂದು ಗುಡಿ ನೂರೊಂದು ಬಾವಿ ಅಂತ ಹೆಸರಾದ ಊರು, ನಮ್ಮ ಹುಡುಗ್ಯಾರು ಹಿಂದಿನ ಕಾಲಕ್ಕ ಹೋಗಾಕ ಪಾಸ್‌ಪೋರ್ಟ್ ಯಾಕ ಮಾಡಿಸಬೇಕು?

ಹಂಗಾಗಿ ಬರ್ಯಾಕ ಕುಂತೆ. ಹೀರೋಯಿನ್ ಗದಗಿನಾಗ ಝೆರಾಕ್ಸ್ ಅಂಗಡಿ ಇಟ್ಟಾಕಿ (ಯಾರನ್ನ ನೋಡಿ ಬರದೀನಿ ಅಂತ ಕೇಳಬ್ಯಾಡ್ರಿ). ಹೀರೋ ರಾಜಕುಮಾರ ಅಲ್ಲ, ರಾಜಕುಮಾರಗೋಳದು ಸಾಕಾಗಿತ್ತು. ಅತ್ತಿಮಬ್ಬಿ ಅದಾಳಲ್ಲರಿ, ದಾನಚಿಂತಾಮಣಿ, ಲಕ್ಕುಂಡ್ಯಾಗ ಬ್ರಹ್ಮಜಿನಾಲಯ ಕಟ್ಟಿಸಿದಾಕಿ, 1007 ರ ಶಾಸನ ಐತಿ, ಆಕಿ ಪೊನ್ನನ ಶಾಂತಿಪುರಾಣದ್ದು ಸಾವಿರ ಪ್ರತಿ ಬರಸಿ ಹಂಚಿದ್ಲು. ಸಾವಿರ! ಅವನ್ನೆಲ್ಲಾ ಯಾರೋ ಕೈಯಿಂದ ಬರದಿರಬೇಕಲ್ಲ, ತಾಳೆಗರಿ ಮ್ಯಾಲ, ಕಂಟ ಹಿಡದು, ಒಂದೊಂದ ಅಕ್ಷರ ಕೊರದು. ಅಂಥಾ ಲಿಪಿಕಾರರೊಳಗ ಒಬ್ಬಾಂವ ನಮ್ಮ ಹೀರೋ. ಕಣ್ಣು ಮಂಜ, ಬೆನ್ನು ಬಾಗೇತಿ, ಇನ್ನೂ ಅರ್ಧ ಪ್ರತಿ ಬಾಕಿ ಅದಾವ. ಅವನ ಮುಂದ ಬಂದು ನಿಲ್ಲಾಕಿ ಯಾರು, ಸಾವಿರ ಕಾಪಿ ಒಂದ ತಾಸಿನಾಗ ತಗದುಕೊಡಾಕಿ. ಪ್ರೇಮ ಹುಟ್ಟದ ಇನ್ನೇನಾಗ್ತೈತ್ರಿ?

ಮೊದಲನೇ ಅಧ್ಯಾಯ ಮಾವಾರಿಗೆ ತೋರಿಸಿದೆ. ನಮ್ಮ ಮಾವಾರು ಹೈಸ್ಕೂಲಿನಾಗ ಇತಿಹಾಸ ಹೇಳಿ ರಿಟೈರ್ ಆದವರು, ಕೆಂಪ ಪೆನ್ನು ಮಾತ್ರ ರಿಟೈರ್ ಆಗಿಲ್ಲ. ಹೀರೋಯಿನ್ನಿಗೆ ಅಲ್ಲಿಯ ಮುದುಕಿ ಒಬ್ಬಾಕಿ ಬಿಸಿ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ, ಹಸಿಮೆಣಸಿನಕಾಯಿ ಖಾರ ಬಡಸ್ತಾಳ ಅಂತ ಬರದಿದ್ದೆ. ಅದರ ಮ್ಯಾಲ ಅಡ್ಡ ಗೆರಿ.

"ಅಲ್ಲವಾ, ಮೆಣಸಿನಕಾಯಿ ಅಮೇರಿಕಾದ ಕಾಯಿ. ಕೊಲಂಬಸ್ ಹೋಗಿದ್ದ 1492, ಪೋರ್ಚುಗೀಸರು ಗೋವಾ ಹಿಡದಿದ್ದ 1510. ನಿನ್ನ ಹುಡುಗಿ ಬಂದು ಕುಂತಿದ್ದು 1007. ಐನೂರ ವರ್ಷ ಖಾರಕ್ಕ ಕಾಯಬೇಕಾಕೈತಿ."

"ಶೇಂಗಾರೀ?"

"ಅದೂ ಅಲ್ಲಿಂದನ."

"ಟೊಮ್ಯಾಟೋ, ಬಟಾಟಿ?"

ಗೆರಿ ಹೊಡದೇಬಿಟ್ರು. ಪ್ಯಾರಲ ಹಣ್ಣು ಹೋತು, ಪಪ್ಪಾಯಿ ಹೋತು, ಗೋವಿನಜೋಳ ಹೋತು. ಗದಗ-ಬೆಟಗೇರಿ ಸಂಜಿ ಅಂದ್ರ ಮಿರ್ಚಿ ಭಜಿ, ಗಿರ್ಮಿಟ್ಟು, ಅದ ಸಂಜಿಗೆ ಮಿರ್ಚೀನ ಇಲ್ಲಂದ್ರ ಜನ ಏನ ಮಾಡ್ತಿದ್ರು, ಬರೇ ಸೂರ್ಯಾಸ್ತ ನೋಡ್ತಿದ್ರೇನು? ಕರಿಮೆಣಸು ಇತ್ತು, ಹಿಪ್ಪಲಿ ಇತ್ತು, ಎಳ್ಳು ಇತ್ತು, ಅಗಸಿ ಇತ್ತು, ಬದನಿಕಾಯಿ ನಮ್ಮದ, ಅಂತ ಮಾವಾರು ಸಮಾಧಾನ ಹೇಳಿದ್ರು. ಸರಿ, ಶೇಂಗಾ ಬಿಟ್ಟು ಎಳ್ಳಿನ ಎಣಗಾಯಿ ಮಾಡಿ ಬರದೆ, ಪ್ರೇಮಿಗಳಿಬ್ರೂ ಬೆಳದಿಂಗಳದಾಗ ಬಸದಿ ಕಟ್ಟಿ ಮ್ಯಾಲ ಕುಂತು ಊಟ ಮಾಡ್ತಾರ ಅಂತ. ಮತ್ತ ಗೆರಿ. ಅತ್ತಿಮಬ್ಬಿ ಮನಿತನ ಜೈನರದು, ಹೊತ್ತ ಮುಳುಗಿದ ಮ್ಯಾಲ ಉಣ್ಣೂದಿಲ್ಲ, ಉಳ್ಳಾಗಡ್ಡಿ ಬಳ್ಳೊಳ್ಳಿ ಮುಟ್ಟೂದಿಲ್ಲ, ಕಟ್ಟಾ ನೇಮದವರು ಬದನಿಕಾಯೀನೂ ತಿನ್ನೂದಿಲ್ಲ. ಇಡೀ ಚಾಲುಕ್ಯರ ಸಾಮ್ರಾಜ್ಯದಾಗ ನನ್ನ ಹೀರೋಯಿನ್ ತಾಟಿನಾಗ ಉಳಿದಿದ್ದು ರೊಟ್ಟಿ ಮತ್ತ ಮಜ್ಜಿಗಿ, ಅದೂ ಸಂಜಿ ಆರರೊಳಗ.

ಇನ್ನ ಮಾಟ ಮಂತ್ರದ ಸುದ್ದಿ. ಹಿಂದಿನ ಕಾಲಕ್ಕ ಹೋಗಬೇಕಂದ್ರ ದಾರಿ ಬೇಕಲ್ಲ, ಲಕ್ಕುಂಡಿ ಮಾಣಿಕೇಶ್ವರ ಗುಡಿ ಮುಂದಿನ ಮುಸುಕಿನ ಬಾವಿ ಇಟ್ಟೆ. ಮೆಟ್ಟಲಾ ಇಳಕೋತ ಮಂತ್ರಾ ಹೇಳಿದ್ರ ಕೆಳಗ ಹೋಗೂದ್ರಾಗ ಸಾವಿರ ವರ್ಷ ಹಿಂದ. ಮಾವಾರು ಕನ್ನಡಕ ಹಣಿಗೆ ಏರಿಸಿ, ಆ ಬಾವಿ ಆಮ್ಯಾಲಿನ ಕಾಲದ್ದವಾ, 1007 ರಾಗ ಅಲ್ಲಿ ಬಾವೀನ ಇರಲಿಲ್ಲ, ಹುಡುಗಿ ಮಣ್ಣಾಗ ಹುಗದಂಗ ಏಳತಾಳಲ್ಲ, ಅಂದ್ರು. ಏಳಲಿ ಬಿಡ್ರಿ ಅಂದೆ. ಎಲ್ಲಾದಕ್ಕೂ ಮಾವಾರ ಮಾತ ಕೇಳಿದ್ರ ಆಕಿ ಗದಗ ಸ್ಟ್ಯಾಂಡ ಬಿಟ್ಟ ಹೊರಗ ಬರೂದಿಲ್ಲ.

ಬಾವಿ ಕಣ್ಣಾರೆ ನೋಡಿ ಬರಿಬೇಕಂತ ನನ್ನ ನೆಗೆಣ್ಣೀನ ಕರಕೊಂಡು ಒಂದ ಐತವಾರ ಹೋದೆ. ದಾರ್ಯಾಗ ಮಾರ್ಕೆಟಿನಾಗ ನಿಂಬಿಹಣ್ಣು ಸೋವಿ ಇದ್ದೂ ಅಂತ ಉಪ್ಪಿನಕಾಯಿಗೆ ಒಂದ ಕ್ಯಾರಿಬ್ಯಾಗ್ ತಗೊಂಡಿದ್ದೆ, ವೀರನಾರಾಯಣನ ಗುಡ್ಯಾಗಿನ ಕುಂಕಮದ ಪೊಟ್ಟಣಾನೂ ಅದರಾಗ ಇತ್ತು. ಈಗ ನೀವ ವಿಚಾರ ಮಾಡ್ರಿ. ಮಟಮಟ ಮಧ್ಯಾಹ್ನ, ಹಳೇ ಬಾವಿ, ಇಬ್ರು ಹೆಣಮಕ್ಕಳು, ಒಂದ ಚೀಲ ನಿಂಬಿಹಣ್ಣು, ಕುಂಕಮ, ಅದರಾಗ ಒಬ್ಬಾಕಿ ಫೋನ್ ಬಾಯಿ ಹತ್ರ ಹಿಡಕೊಂಡು ದೊಡ್ಡ ದನಿಲೆ "ಕಾಲವೇ ಕಳಚು, ಕಲ್ಲೇ ದಾರಿ ಬಿಡು" ಅಂತ ಒದರಾಕತ್ತಾಳ. ನಾ ವಾಯ್ಸ್ ಟೈಪಿಂಗ್ ಮಾಡಾಕತ್ತಿದ್ದೆ ಅಷ್ಟ. ಮ್ಯಾಲ ಕಟ್ಟಿಗೆ ಕುಂತಿದ್ದ ಒಬ್ಬ ಅಜ್ಜ ಎದ್ದ ನಿಂತ.

"ಯಾರವಾ ನೀವು? ನಿಧಿ ತಗ್ಯಾಕ ಬಂದೀರೇನು?"

ನೆಗೆಣ್ಣಿ ಗಾಬರಿ ಆಗಿ ತಿರುಗಿದ್ಲು, ಕ್ಯಾರಿಬ್ಯಾಗ್ ಹರೀತು. ನಿಂಬಿಹಣ್ಣು ಮೆಟ್ಟಲಾ ಇಳ್ಯಾಕ ಚಾಲೂ ಮಾಡಿದ್ವು. ಆ ಬಾವಿ ಮೆಟ್ಟಲಾ ನೋಡೀರೇನು, ಎಷ್ಟ ಚಂದ ಕೊರದಾರಂದ್ರ ಒಂದ ಹಣ್ಣೂ ನಡುವ ನಿಲ್ಲಲಿಲ್ಲ, ಟಪ್ ಟಪ್ ಅಂತ ಒಂದೊಂದ ಪಾವಟಿಗಿ ಜಿಗಕೋತ ಮೂಲಿ ಮೂಲಿಗೆ ಹೋದ್ವು, ಕೆಲವು ನೀರಿಗೇ ಬಿದ್ದು ತೇಲಾಕ ಹತ್ತಿದ್ವು. ಯಾವುದೋ ಶಾಲಿ ಟ್ರಿಪ್ಪಿನ ಹುಡುಗರು ಅದ ಹೊತ್ತಿಗೆ ಬಂದಿದ್ರು, ಮುಂದ ಇದ್ದ ಹುಡುಗನ ಕಾಲ ಹತ್ರ ಒಂದ ಹಣ್ಣು ಹೋಗಿ ನಿಂತ ಕೂಡಲೆ ಅಂವ ಕಿಟಾರನ ಕಿರಚಿದ, ಇಡೀ ಲೈನು ಹಿಂದಕ್ಕ ಓಡ್ತು. ಒಬ್ರೂ ಒಂದ ಹಣ್ಣು ಆರಿಸಿ ಕೊಡಲಿಲ್ಲ! ಮನಿ ಮುಂದ ಒಂದ ಟೊಮ್ಯಾಟೋ ಬಿದ್ರ ನಾಕ ಮಂದಿ ಎತ್ತಿ ಕೊಡ್ತಾರ, ನಿಂಬಿಹಣ್ಣಿಗೆ ಆ ಮರ್ಯಾದಿ ಇಲ್ಲ. ನಾವಿಬ್ರ ಸೆರಗ ಸಿಗಸ್ಕೊಂಡು ಆರಿಸಿದ್ವಿ, ಅಜ್ಜ ಮ್ಯಾಲಿಂದ "ಅಗೋ ಅಲ್ಲೊಂದೈತಿ, ನೀರ ಕಡೆ, ಬಿಡಬ್ಯಾಡ್ರಿ, ಎಲ್ಲಾ ತಗೊಂಡ ಹೋಗ್ರಿ" ಅಂತ ಮೇಲ್ವಿಚಾರಣೆ ಮಾಡಿದ. ಸರ್ಕಾರ 2017 ರಾಗ ವಾಮಾಚಾರದ ವಿರುದ್ಧ ಕಾಯ್ದೇನ ಮಾಡೇತಿ, ಗೊತ್ತೈತೇನು, ಅಂತನೂ ಕೇಳಿದ. ಗೊತ್ತೈತಿ ಅಜ್ಜಾರ, ಅದರ ಅರ್ಜಿ ಗಿರ್ಜಿ ಎಲ್ಲಾ ನಮ್ಮ ಅಂಗಡ್ಯಾಗನ ಝೆರಾಕ್ಸ್ ಆಗ್ತಾವ, ಅಂದೆ. ನಗಲಿಲ್ಲ.

ಮನಿಗೆ ಬಂದು ಫೋನ್ ತಗದ ನೋಡಿದ್ರ ವಾಯ್ಸ್ ಟೈಪಿಂಗ್ ಬಂದ್ ಆಗೇ ಇರಲಿಲ್ಲ. ಎರಡನೇ ಅಧ್ಯಾಯ ಹಿಂಗಿತ್ತು: "ಕಾಲವೇ ಕಳಚು ಕಲ್ಲೇ ದಾರಿ ಬಿಡು ಯಾರವ ನೀವು ನಿಧಿ ಅಯ್ಯಯ್ಯೋ ಅಕ್ಕಾ ಹಿಡೀರಿ ಉಪ್ಪಿನಕಾಯಿ ಹೋತು." ನಮ್ಮ ಗೆಳತ್ಯಾರು ಇದನ್ನ ಓದಿ, ಮೊದಲನೇ ಅಧ್ಯಾಯಕ್ಕಿಂತ ಇದ ಚಲೋ ಐತಿ, ಸಸ್ಪೆನ್ಸ್ ಐತಿ ಅಂದ್ರು.

ಸುದ್ದಿ ಅತ್ತಿ ಕಿವಿಗೆ ಬಿತ್ತು. ಬಾವಿ ಹತ್ರ ಹೋಗಿ ಬಂದೀರಿ, ಅಪರಿಚಿತರ ಕಣ್ಣ ಬಿದ್ದಾವ, ಕುಂದ್ರ ಇಲ್ಲೆ, ಅಂತ ಇಬ್ರನ್ನೂ ಪಡಸಾಲ್ಯಾಗ ಕುಂದರಿಸಿ ಉಪ್ಪು, ಸಾಸ್ವಿ, ಒಣಮೆಣಸಿನಕಾಯಿ ಮುಟಿಗ್ಯಾಗ ಹಿಡದು ಇಳಸಾಕ ಹತ್ತಿದ್ರು. ಒಲಿಗೆ ಹಾಕಿದ್ರ ಚಟಚಟ ಅಂತು, ಮನಿ ಮಂದಿ ಒಬ್ರೂ ಕೆಮ್ಮಲಿಲ್ಲ. "ನೋಡಿದ್ರೇನು? ಘಾಟ ಬರಲಿಲ್ಲ. ಎಷ್ಟ ದೃಷ್ಟಿ ಆಗಿತ್ತಂತ!" ಆವಾಗ ಮಾವಾರು ಸುಮ್ನ ಕುಂಡರಬೇಕಿಲ್ಲೋ, ಪೇಪರ್ ಕೆಳಗಿಳಿಸಿ, "ಏ ಇಕಿ, 1510 ರಕಿಂತ ಮೊದಲ ನಿಮ್ಮವರು ದೃಷ್ಟಿ ಹೆಂಗ ತಗೀತಿದ್ರು? ಮೆಣಸಿನಕಾಯೀನ ಇರಲಿಲ್ಲಲ್ಲ" ಅಂದ್ರು. ಅತ್ತಿ ಒಂದ ಕ್ಷಣ ತಡದ್ರು, ಆಮ್ಯಾಲ, "ಆವಾಗ ಜನರ ಕಣ್ಣು ಇಷ್ಟ ಕೆಟ್ಟ ಇರಲಿಲ್ಲ" ಅಂದ್ರು. ಮಾವಾರು ಪೇಪರ್ ಮತ್ತ ಮ್ಯಾಲಕ್ಕೆತ್ತಿದ್ರು.

ಅತ್ತಿಗೆ ನನ್ನ ಟೈಮ್ ಟ್ರಾವೆಲ್ ಬಗ್ಗೆ ಏನೂ ಆಶ್ಚರ್ಯ ಇಲ್ಲ. ಭಾಗವತ ಪ್ರವಚನ ಕೇಳಿದಾಕಿಗೆ ಏನ ಹೊಸಾದ ಹೇಳಾಕ ಬಂದೀದಿ ಅಂದ್ರು. ಕಕುದ್ಮಿ ಅಂತ ರಾಜ, ಅವನ ಮಗಳು ರೇವತಿ, ಭೂಮಿ ಮ್ಯಾಲ ಯಾವ ವರಾನೂ ಪಸಂದ ಬರಲಿಲ್ಲಂತ ಮಗಳನ್ನ ಕರಕೊಂಡು ಬ್ರಹ್ಮನ್ನ ಕೇಳಾಕ ಹೋದ. ಅಲ್ಲಿ ಗಾಯನ ನಡದಿತ್ತು, ಮುಗೀಲಿ ಅಂತ ಸ್ವಲ್ಪ ನಿಂತ. ಆಮ್ಯಾಲ ತನ್ನ ಪಟ್ಟಿ ತಗದ್ರ ಬ್ರಹ್ಮ ನಕ್ಕ, ನೀ ಹೇಳೂ ಹುಡುಗರೆಲ್ಲಾ ಸತ್ತು ಅವರ ಮೊಮ್ಮಕ್ಕಳ ಮೊಮ್ಮಕ್ಕಳೂ ಹೋದ್ರು, ಕೆಳಗ 27 ಚತುರ್ಯುಗ ಮುಗದಾವ ಅಂದ. ನಾ ಕ್ಯಾಲ್ಕುಲೇಟರ್ ಒತ್ತಿದೆ, ಒಂದ ಚತುರ್ಯುಗಕ್ಕ 43,20,000 ವರ್ಷ ಹಿಡದ್ರ 11 ಕೋಟಿ 66 ಲಕ್ಷ 40 ಸಾವಿರ. ನಾ ಬರೇ ಸಾವಿರ ವರ್ಷಕ್ಕ ಇಷ್ಟ ಒದ್ದಾಡಾಕತ್ತೀನಿ. ಕೆಳಗ ಬಂದು ಬಲರಾಮಗ ಕೊಟ್ಟ ಲಗ್ನ ಮಾಡಿದ್ರಂತ, ಹಳೇ ಯುಗದ ಹುಡುಗಿ ಭಾಳ ಎತ್ತರ ಇದ್ಲಂತ ಬಲರಾಮ ನೇಗಿಲದಿಂದ ತನ್ನ ಎತ್ತರಕ್ಕ ಇಳಿಸಿಕೊಂಡ. "ಪ್ರಯಾಣ ಐತಿ, ಮಾಯಾ ಐತಿ, ಲಗ್ನ ಐತಿ" ಅಂದ್ರು ಅತ್ತಿ. "ನಿಮ್ಮ ಸೋದರಮಾವ ಮಗಳಿಗೆ ವರಾ ನೋಡಾಕತ್ತಿದ್ದೂ ಹಂಗ ಐತಿ ನೋಡು, ಪಸಂದ ಮಾಡಿ ಬರೂದ್ರಾಗ ಹುಡುಗನ ಮಕ್ಕಳು ಸಾಲಿಗೆ ಹೊಂಟಿರ್ತಾವ."

ನಮ್ಮನಿಯವರು ಮಾತ್ರ ಬ್ಯಾರೆ ಟೈಪ್ ವಿಮರ್ಶಕರು. ಹೀರೋಗ ನೀಳ ಮೂಗು ಅಂತ ಬರದಿದ್ದು ಓದಿ ಕನ್ನಡಿ ಮುಂದ ಒಂದ ಸಲ ಹೋಗಿ ಬಂದ್ರು, ಏನೂ ಅನ್ನಲಿಲ್ಲ. ಆಮ್ಯಾಲ ಅವರ ಪ್ರಶ್ನಿ ಬಂದ್ವು. ಆಕಿ ಮಂತ್ರಾ ಹೇಳಿ ಹೋದ್ಲಲ್ಲ, ಅಂಗಡಿ ಶಟರ್ ಯಾರ ಇಳಿಸಿದ್ರು? ಮಷಿನ್ ಬಂದ್ ಮಾಡಿದ್ಲೋ ಇಲ್ಲೋ? ಆ ಲಿಪಿಕಾರಗ ಪಗಾರ ಎಷ್ಟು? ಲಕ್ಕುಂಡ್ಯಾಗ ಟಂಕಸಾಲಿ ಇತ್ತು, ಲೊಕ್ಕಿ ಗದ್ಯಾಣ ಅಂತ ಬಂಗಾರದ ನಾಣ್ಯ ಅಲ್ಲಿಂದನ ಬರ್ತಿದ್ವು, ಅಂದೆ. ಬಂಗಾರ ಅಂದ ಕೂಡಲೇ ಕಾದಂಬರಿ ಬಗ್ಗೆ ಅವರ ಅಭಿಪ್ರಾಯ ಬದಲಾತು.

ಮಾವಾರು ಕೆಂಪ ಪೆನ್ನು ಹಚ್ಚದ ಬಿಟ್ಟಿದ್ದು ಒಂದ ಜಾಗಾ. ತಾಳೆಗರಿ ಮ್ಯಾಲ ಕಂಟದಿಂದ ಕೊರದ ಅಕ್ಷರ ಹಂಗ ಕಾಣೂದಿಲ್ಲರಿ, ಮ್ಯಾಲ ಕಾಡಿಗಿ ಸವರಿ ಒರಸಿದ್ರ ಗೆರಿಯೊಳಗ ಕಪ್ಪು ಕುಂತು ಅಕ್ಷರ ಏಳತಾವ. ಹೀರೋ ಇಡೀ ದಿನ ಕಾಡಿಗಿ ತಿಕ್ಕಿ ಬೆರಳ ತುದಿ ಕಪ್ಪ. ಹೀರೋಯಿನ್ ಟೋನರ್ ತುಂಬೂಮುಂದ ಕಾಲದಾಗ ಜಾರಿದ್ಲು, ಆಕಿ ಬೆರಳೂ ಕಪ್ಪ. ಇಬ್ರೂ ಮೊದಲನೇ ಸಲ ಎದುರಾಬದುರಾ ನಿಂತಾಗ ಅಂವ ಮಾರಿ ನೋಡೂದಿಲ್ಲ, ಕೈ ನೋಡ್ತಾನ. ನೀನೂ ಬರೀತೀಯೇನು ಅಂತ ಕೇಳ್ತಾನ. ಮಾವಾರು ಆ ಹಾಳಿ ಎರಡ ಸಲ ಓದಿ, ಪೆನ್ನಿನ ಟೊಪಗಿ ಹಾಕಿ ಕಿಸೇದಾಗ ಇಟಕೊಂಡ್ರು. ಮಂತ್ರವಾದೀನ್ನ ತಗದ ಹಾಕು, ಅತ್ತಿಮಬ್ಬಿ ಮಾತಿಗೆ ಗೋದಾವರಿ ಹೊಳೀನ ನಿಂತಿತ್ತಂತ ಶಾಸನ ಹೇಳತೈತಿ, ಇನ್ನೊಬ್ಬ ಯಾಕ ಬೇಕು, ಅಂದ್ರು. ತಗದೆ. ಆ ನಿಂಬಿಹಣ್ಣೂ ಉಪ್ಪಿನಕಾಯಿ ಆದ್ವು. ಸೋಸಿ ತೊಳದೀನ್ರಿ, ಆದ್ರೂ ಅತ್ತಿ ಇನ್ನೂ ತಿಂದಿಲ್ಲ.

ಈಗಿನ ತೊಡಕು ಕೊನಿ ಅಧ್ಯಾಯದ್ದು. ಗೆಳತ್ಯಾರಿಗೆಲ್ಲಾ ಹೀರೋ ಗದಗಿಗೆ ಬರಬೇಕಂತ ಹಟ. ಹೀರೋಯಿನ್ ಅಲ್ಲೇ ಉಳದ್ರ ಚಹಾ ಇಲ್ಲ, ಮಿರ್ಚಿ ಇಲ್ಲ, ಯಾರ ಒಪ್ತಾರ. ಸರಿ, ಕರಸಿದೆ. ಅಂವ ಬಂದ, ಝೆರಾಕ್ಸ್ ಮಷಿನ್ ಮುಂದ ನಿಂತ, ತಾ ಬರದ ಗರಿ ಒಂದರ ಹಿಂದ ಒಂದ ಬಿಸಿ ಬಿಸಿ ಹೊರಗ ಬರೂದ ನೋಡಿದ. ಕಣ್ಣೀರ ತರಸ್ಬೇಕಂತ ಮಾಡಿದ್ದೆ, ಆದ್ರ ಇಷ್ಟ ವರ್ಷ ಕೈಬರಹ ಮಾಡಿದಾಂವ ಮೊದಲ ಏನ ನೋಡ್ಯಾನು, ಎಡಗಡೆ ಅಂಚಿನಾಗ ಅರ್ಧ ಅಕ್ಷರ ಕಟ್ ಆಗೇತಿ ಅಂತ ತೋರಿಸಿದ.

ನಮ್ಮನಿಯವರು ಓದಿ ಖುಷಿ ಆದ್ರು. ಅಂಗಡಿ ಹುಡುಗ ಬಿಟ್ಟ ಹೋಗ್ಯಾನ, ಇವನ್ನ ಸಂಜಿಕೆ ಕುಂದರ್ಸು, ಅಂಚು ನೋಡಾವ ಬೇಕಾಗಿತ್ತು, ಅಂದ್ರು. ಮತ್ತ ತಾವ ಕೇಳಿದ್ರು, "ಆಧಾರ್?"

"ಹುಟ್ಟಿದ್ದ 980 ರಿ. ಫಾರ್ಮಿನಾಗ ಆ ಇಸ್ವಿ ಹಿಡ್ಯೂದಿಲ್ಲ."

"ಹಿಡಸಿದ್ರ ಆತು. ವೃದ್ಧಾಪ್ಯ ವೇತನದ ಅರ್ಜೀನೂ ಇವತ್ತ ತುಂಬಿ ಕೊಡು, ಬಾಕಿ ಎಲ್ಲಾ ಸೇರಿಸಿ ಕೇಳೋಣು. ಎರಡ ಫೋಟೋ ತರಾಕ ಹೇಳು ಅವಗ."