ಮುನ್ನೂರ ಎರಡು ಈಗ ಕೊಲೆಯಲ್ಲ

"ನೂರಾ ಮೂರು ಬ್ರಾಕೆಟ್ ಒಂದು." ಒಮ್ಮೆ ಜೋರಾಗಿ ಹೇಳಿ ನೋಡಿ. ಎದೆ ಝಲ್ಲೆಂದಿತೇ? ಇಲ್ಲ, ಸಿಟಿ ಬಸ್ಸಿನ ನಂಬರು ಕೂಗಿದ ಹಾಗಿದೆ. "ತ್ರೀ ನಾಟ್ ಟೂ" ಅನ್ನುವುದಕ್ಕೆ ಬೇರೆಯದೇ ಗತ್ತಿತ್ತು. ಬದುವಿನ ಜಗಳದಲ್ಲಿ ಮಚ್ಚು ಎತ್ತಿದವನೂ ಅದನ್ನು ಕೇಳಿದರೆ ಒಂದು ಗಳಿಗೆ ಕೈ ತಡೆಯುತ್ತಿದ್ದ. 2024ರ ಜುಲೈ 1ರಿಂದ ಕೊಲೆಯ ಶಿಕ್ಷೆ ಹಳೇ ದಂಡಸಂಹಿತೆಯ (ಐಪಿಸಿ) 302ರಿಂದ, ಅದರ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ 103(1)ಕ್ಕೆ ಮನೆ ಬದಲಾಯಿಸಿದೆ. ಹೊಸ 302ರಲ್ಲಿ ಬಂದು ಕೂತಿರುವುದು ಬೇರೆಯವರ ಧಾರ್ಮಿಕ ಭಾವನೆಗೆ ನೋವಾಗಲೆಂದೇ ಮಾತಾಡುವ ಅಪರಾಧ. ಶಿಕ್ಷೆ ಹೆಚ್ಚೆಂದರೆ ಒಂದು ವರ್ಷ.

ಇದನ್ನು ಲಾ ಓದುವವರು ಕ್ಲಾಸಿನಲ್ಲಿ ಹೇಗೋ ನುಂಗಿಕೊಳ್ಳುತ್ತಾರೆ. ನುಂಗಲಾಗದ್ದು ಮದುವೆ ಮನೆಯಲ್ಲಿ. ಪ್ರತಿ ಕುಟುಂಬಕ್ಕೂ ಒಬ್ಬ ದೊಡ್ಡಪ್ಪ ಇದ್ದೇ ಇರುತ್ತಾರೆ. ಎರಡನೇ ಪಂಕ್ತಿಗೆ ಕಾಯುತ್ತಾ ಕುರ್ಚಿ ಎಳೆದುಕೊಂಡು ಕೂತು ಶುರು ಮಾಡುತ್ತಾರೆ.

"ಏನಪ್ಪಾ ಲಾಯರೇ, ತ್ರೀ ನಾಟ್ ಟೂ ಅಂದ್ರೇನು ಹೇಳು?"

"ಘಟನೆ ನಡೆದದ್ದು ಯಾವಾಗ ದೊಡ್ಡಪ್ಪ?"

"ಯಾವಾಗ ನಡೆದ್ರೇನೋ? ಕೊಲೆ ಕೊಲೇನೇ."

"ಜುಲೈ ಒಂದಕ್ಕಿಂತ ಮುಂಚೆ ಆಗಿದ್ರೆ 302. ಆಮೇಲೆ ಆಗಿದ್ರೆ 103."

"ಸರಿಯಾಗಿ ರಾತ್ರಿ ಹನ್ನೆರಡಕ್ಕೆ ಆಗಿದ್ರೆ?"

ಮುಂದೆ ವೈವಾದಲ್ಲಿ ಎಕ್ಸಾಮಿನರ್ ಕೇಳುವುದೂ ಇದನ್ನೇ ಎಂದು ದೊಡ್ಡಪ್ಪನಿಗೆ ಗೊತ್ತಿಲ್ಲ, ಪುಣ್ಯ. ಅವರು ಅಷ್ಟಕ್ಕೆ ಬಿಡುವುದೂ ಇಲ್ಲ. ಮುಂದಿನದು ಫೋರ್ ಟ್ವೆಂಟಿ. ಹೊಸ ಸಂಹಿತೆ ಮುಗಿಯುವುದೇ 358ಕ್ಕೆ, ಅದರಲ್ಲಿ 420 ಎಂಬ ಕಲಮೇ ಇಲ್ಲ, ವಂಚನೆ ಈಗ 318(4) ಎಂದು ತಿಳಿಸಿ ಹೇಳಿದರೆ ಅವರ ಮುಖ ಸಪ್ಪಗಾಗುತ್ತದೆ. ಅವರ ಸಂಕಟವೂ ನ್ಯಾಯವೇ. ಚೀಟಿ ಹಣ ನುಂಗಿ ಓಡಿಹೋದವನನ್ನು ಇನ್ನು ಮುಂದೆ "ತ್ರೀ ಎಯ್ಟೀನ್ ಬ್ರಾಕೆಟ್ ಫೋರ್ ನನ್ಮಗ" ಎಂದು ಬೈಯಲಾದೀತೇ? ಬ್ರಾಕೆಟ್ ಅನ್ನುವಷ್ಟರಲ್ಲಿ ಸಿಟ್ಟೇ ಇಳಿದಿರುತ್ತದೆ.

ಕೊನೆಯದು 144. ಊರಲ್ಲಿ ಗಲಾಟೆಯಾದರೆ ತಹಸೀಲ್ದಾರರು ಹೊರಡಿಸುವ ನಿಷೇಧಾಜ್ಞೆ ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಹಳೇ ಸಿಆರ್‌ಪಿಸಿ, ಅಂದರೆ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಬಂದದ್ದು) 163. ಆ ಸಂಹಿತೆಯ 144 ಎಂದರೆ ಹೆಂಡತಿ, ಮಕ್ಕಳು, ತಂದೆತಾಯಿಗೆ ಜೀವನಾಂಶ. ಅಂದರೆ ದೊಡ್ಡಪ್ಪ ಹೇಳುವ ಹಾಗೆ "ನಮ್ಮೂರಿಗೆ ಒನ್ ಫಾರ್ಟಿಫೋರ್ ಹಾಕವ್ರೆ" ಅಂತಾದರೆ ಊರಿಗೆ ಊರೇ ಹೆಂಡತಿಗೆ ತಿಂಗಳು ತಿಂಗಳು ದುಡ್ಡು ಕಟ್ಟಬೇಕು. ಮೊದಲು ಜೀವನಾಂಶಕ್ಕಿದ್ದ 125ರಲ್ಲಿ ಈಗ ಇರುವುದು, ಶಿಕ್ಷೆಯಾದವನಿಂದ ಶಾಂತಿ ಕಾಪಾಡುತ್ತೇನೆಂದು ಬಾಂಡ್ ಬರೆಸಿಕೊಳ್ಳುವ ಅಧಿಕಾರ. ಕೆಲವು ಗಂಡಂದಿರಿಗೆ ಎರಡೂ ಒಂದೇ ಅನ್ನಿಸಬಹುದು.

ಇಷ್ಟೆಲ್ಲ ಕೇಳಿದ ಮೇಲೆ ದೊಡ್ಡಪ್ಪ ಪಕ್ಕದವರ ಕಡೆ ತಿರುಗಿ ತೀರ್ಪು ಕೊಡುತ್ತಾರೆ: "ಮೂರು ವರ್ಷದಿಂದ ಓದ್ತಾವ್ನೆ, ಒಂದು ಸೆಕ್ಷನ್ನೂ ನೆಟ್ಟಗೆ ಬರಲ್ಲ."

ಹಳೇ ನಂಬರಿನಿಂದ ಹೊಸದನ್ನು ಕಂಡುಹಿಡಿಯಲು ಸೂತ್ರವೇನಾದರೂ ಇದೆಯೇ ಎಂದು ಹಾಸ್ಟೆಲಿನಲ್ಲಿ ಪ್ರತಿ ಬ್ಯಾಚೂ ಹುಡುಕುತ್ತದೆ, ಪರೀಕ್ಷೆಯ ಹಿಂದಿನ ರಾತ್ರಿ ಅದು ಸಿಕ್ಕೂ ಬಿಡುತ್ತದೆ. 302ರಲ್ಲಿ 199 ಕಳೆದರೆ 103. 299ರಲ್ಲಿ ಕಳೆದರೆ 100, 300ರಲ್ಲಿ ಕಳೆದರೆ 101, 304ರಲ್ಲಿ ಕಳೆದರೆ 105. ಎಲ್ಲ ತಾಳೆಯಾಗುತ್ತಿದೆ! ಅದೇ ಹುಮ್ಮಸ್ಸಿನಲ್ಲಿ 307ಕ್ಕೂ 199 ಕಳೆದು, ಕೊಲೆ ಯತ್ನ ಎಂದರೆ 108 ಎಂದು ಬರೆದರೆ ಕತೆ ಮುಗಿಯಿತು. 108 ಆತ್ಮಹತ್ಯೆಗೆ ಪ್ರಚೋದನೆ. ಕೊಲೆ ಯತ್ನ 109.

ಎಡವಟ್ಟಾಗುವುದು ಎಲ್ಲಿ ಎಂದರೆ 304ಎಯಲ್ಲಿ. ನಿರ್ಲಕ್ಷ್ಯದಿಂದ ಸಾವು ತರುವ ಈ ಕಲಂ ಮೊದಲು 304ರ ಬಾಲದಂತೆ 'ಎ' ಅಂಟಿಸಿಕೊಂಡಿತ್ತು. ಹೊಸದರಲ್ಲಿ ಅದಕ್ಕೆ 106 ಎಂಬ ಸ್ವಂತ ನಂಬರು ಸಿಕ್ಕಿತು. ಹಾಗಾಗಿ 305ರಿಂದ ಕಳೆಯಬೇಕಾದದ್ದು 198. ಹಾಗಾದರೆ 304ಬಿಯ ವರದಕ್ಷಿಣೆ ಸಾವು 107 ಆಯಿತೇ ಅಂದರೆ, ಅದೂ ಇಲ್ಲ. ಮಹಿಳೆಯರು ಮತ್ತು ಮಕ್ಕಳ ಮೇಲಿನ ಅಪರಾಧಗಳನ್ನೆಲ್ಲ 63ರಿಂದ 99ರವರೆಗೆ ಒಂದೇ ಅಧ್ಯಾಯದಲ್ಲಿ ಮುಂದಕ್ಕೆ ತಂದಿದ್ದಾರೆ. 304ಬಿ ಅಲ್ಲಿಗೆ ಹೋಗಿ 80 ಆಗಿದೆ. ಸೂತ್ರ ಕಂಡುಹಿಡಿದವನು ಅಷ್ಟು ಹೊತ್ತಿಗೆ ಮಲಗಿರುತ್ತಾನೆ.

ಬ್ರಾಕೆಟ್ಟಿನ ಕಾಟಕ್ಕೂ ಒಂದು ಕಾರಣವಿದೆ. ಮೊದಲು ಕಳ್ಳತನ ಎಂದರೇನು ಎಂಬುದಕ್ಕೆ 378, ಶಿಕ್ಷೆಗೆ 379, ಎರಡೂ ಬೇರೆ ಬೇರೆ ಮನೆ. ಈಗ 303(1), 303(2) ಎಂದು ಒಂದೇ ಮನೆಗೆ ತಂದು ನಡುವೆ ಗೋಡೆ ಎಬ್ಬಿಸಿದ್ದಾರೆ. ಓದುವುದಕ್ಕೇನೋ ಅನುಕೂಲವೇ, ಒಪ್ಪೋಣ. ಆದರೆ ಬಾಯಲ್ಲಿ ನಿಲ್ಲುವುದಿಲ್ಲವಲ್ಲ! ಸ್ಟೇಷನ್ನಿನ ರೈಟರಿನಿಂದ ಹಿಡಿದು ಊರ ಪುಢಾರಿಯವರೆಗೆ ಎಲ್ಲರಿಗೂ ಒಂದು ಮಂತ್ರ ಬರುತ್ತಿತ್ತು: "ತ್ರೀ ಟ್ವೆಂಟಿತ್ರೀ, ತ್ರೀ ಟ್ವೆಂಟಿಫೋರ್, ಫೈವ್ ನಾಟ್ ಫೋರ್, ಫೈವ್ ನಾಟ್ ಸಿಕ್ಸ್, ರೆಡ್ ವಿತ್ ತರ್ಟಿಫೋರ್!" ಎಂಥ ಲಯ, ತಮಟೆಗೆ ಕುಣಿಯಬಹುದು. ಅದೇ ಹೊಡೆದಾಟ, ಅದೇ ಬೈಗುಳ, ಅದೇ ಬೆದರಿಕೆ ಈಗ: ನೂರ ಹದಿನೈದು ಬ್ರಾಕೆಟ್ ಎರಡು, ನೂರ ಹದಿನೆಂಟು ಬ್ರಾಕೆಟ್ ಒಂದು, ಮುನ್ನೂರ ಐವತ್ತೆರಡು, ಮುನ್ನೂರ ಐವತ್ತೊಂದು ಬ್ರಾಕೆಟ್ ಎರಡು, ರೆಡ್ ವಿತ್ ಮೂರು ಬ್ರಾಕೆಟ್ ಐದು. ಗ್ಯಾಸ್ ಬುಕಿಂಗ್ ನಂಬರಿಗೂ ಇದಕ್ಕಿಂತ ಲಾಲಿತ್ಯವಿದೆ.

ಆ ಕೊನೆಯ 34ರ ಬಗ್ಗೆ, ಅಂದರೆ ಹಲವರು ಒಂದೇ ಉದ್ದೇಶದಿಂದ ಸೇರಿ ಮಾಡಿದ್ದು ಎಂಬ ಹಳೇ ಕಲಮಿನ ಬಗ್ಗೆ, ಎಚ್ಚರ ಇರಲಿ. ಅಭ್ಯಾಸಬಲದಿಂದ ಕೈ ತಾನಾಗಿ "ರೆಡ್ ವಿತ್ 34" ಎಂದು ಬರೆದುಬಿಡುತ್ತದೆ. ಹೊಸ ಸಂಹಿತೆಯ 34 ಆತ್ಮರಕ್ಷಣೆಯ ಹಕ್ಕು. ನಾಲ್ವರು ಒಟ್ಟುಗೂಡಿ ಹೊಡೆದರು ಎಂದು ಬರೆಯಲು ಹೋಗಿ, ಪಾಪ ಜೀವ ಉಳಿಸಿಕೊಳ್ಳಲು ಹೊಡೆದರು ಎಂದು ಆರೋಪಿಗಳ ವಕಾಲತ್ತನ್ನು ನಾವೇ ಬಿಟ್ಟಿ ವಹಿಸಿದ ಹಾಗಾಗುತ್ತದೆ.

ಇಂಟರ್ನ್‌ಶಿಪ್ಪಿಗೆ ಹೋದಲ್ಲಿ ಸೀನಿಯರ್ ಫೈಲಿನಿಂದ ತಲೆ ಎತ್ತದೆ "ಒಂದು ಫೋರ್ ಎಯ್ಟಿಟೂ ರೆಡಿ ಮಾಡಮ್ಮ" ಅನ್ನುತ್ತಾರೆ. ಹಳೇ ಸಿಆರ್‌ಪಿಸಿಯ 482 ಎಂದರೆ ಕೇಸನ್ನೇ ರದ್ದು ಮಾಡಿ ಎಂದು ಹೈಕೋರ್ಟಿಗೆ ಹೋಗುವುದು, ಅದು ಈಗ ನಾಗರಿಕ ಸುರಕ್ಷಾ ಸಂಹಿತೆಯ 528. ಹೊಸ 482 ನಿರೀಕ್ಷಣಾ ಜಾಮೀನು, ಮೊದಲಿನ 438. ಒಂದರಲ್ಲಿ ಕೇಸೇ ಇಲ್ಲ ಎನ್ನಬೇಕು, ಇನ್ನೊಂದರಲ್ಲಿ ದಯವಿಟ್ಟು ಹಿಡಿಯಬೇಡಿ ಎನ್ನಬೇಕು. "ಹಳೇದಾ ಹೊಸದಾ ಸರ್?" ಎಂದು ಕೇಳಿದರೆ ಇಷ್ಟೂ ಗೊತ್ತಿಲ್ಲವೇ ಎಂಬ ನೋಟ. ಕೇಳದೆ ಟೈಪ್ ಮಾಡಿದರೆ ಹನ್ನೆರಡು ಪುಟ ದಂಡ. ಕೇಳುವುದೇ ಅಗ್ಗ.

ಹೊಸದನ್ನಷ್ಟೇ ಓದಿ ಹಳೇದನ್ನು ಮರೆಯೋಣ ಅಂದರೆ ಅದಕ್ಕೂ ದಾರಿಯಿಲ್ಲ. ಜುಲೈ 1ಕ್ಕಿಂತ ಮುಂಚಿನ ಅಪರಾಧಗಳಿಗೆ ಹಳೇ ಕಾಯ್ದೆಯೇ ಅನ್ವಯ, ಆ ಕೇಸುಗಳು ಇನ್ನೂ ಎಷ್ಟು ವರ್ಷ ನಡೆಯುತ್ತವೋ ನಮ್ಮ ಕೋರ್ಟುಗಳನ್ನು ಕಂಡವರಿಗೆ ಹೇಳಬೇಕಿಲ್ಲ. ಓದಬೇಕಾದ ತೀರ್ಪುಗಳ ತುಂಬಾ ಹಳೇ ನಂಬರುಗಳೇ. ಆ ದಂಡಸಂಹಿತೆ 1862ರ ಜನವರಿ 1ರಂದು ಜಾರಿಗೆ ಬಂದದ್ದು, ಅಷ್ಟು ಬೇಗ ಜಾಗ ಖಾಲಿ ಮಾಡುವುದಿಲ್ಲ.

ಹಾಸ್ಟೆಲಿನ ಹಳೇ ಐಪಿಸಿ ಬೇರ್ ಆಕ್ಟ್ (ಕಾಯ್ದೆಯ ಮೂಲಪಾಠವಷ್ಟೇ ಇರುವ ಪುಸ್ತಕ) ಒಂದನ್ನು ತೆಗೆದು ನೋಡಿ. ಮೊದಲ ಪುಟದಲ್ಲಿ ನಾಲ್ಕು ಹೆಸರು, ಮೂರನ್ನು ಹೊಡೆದುಹಾಕಿದೆ. ಅರ್ಧ ಬೆಲೆಗೆ ಕೈ ಬದಲಾಯಿಸುತ್ತಾ ಬಂದ ಪುಸ್ತಕ. 300ರ ಎದುರು ಯಾರೋ ಕೆಂಪು ಶಾಯಿಯಲ್ಲಿ "ಪಕ್ಕಾ ಬರುತ್ತೆ" ಎಂದು ಬರೆದಿದ್ದಾರೆ, ಅದರ ಕೆಳಗೆ ಬೇರೆ ಕೈಬರಹದಲ್ಲಿ "ಬರಲಿಲ್ಲ", ಅದರ ಕೆಳಗೆ ಇನ್ನೊಬ್ಬರು "ನನಗೆ ಬಂತು". ಬರೆದವರೆಲ್ಲ ಈಗ ಯಾವ್ಯಾವ ತಾಲ್ಲೂಕು ಕೋರ್ಟಿನಲ್ಲಿ ಕೋಟು ಹಾಕಿಕೊಂಡು ದಿನಾಂಕ ತೆಗೆದುಕೊಳ್ಳುತ್ತಿದ್ದಾರೋ.

ಹೊಸ ಪುಸ್ತಕದಲ್ಲಿ 101ರ ಅಂಚು ಬೆಳ್ಳಗೆ ಖಾಲಿ ಇದೆ. ಹಳೇ ನಂಬರನ್ನು ಪಕ್ಕದಲ್ಲಿ ಬರೆದುಕೊಳ್ಳುವವರು ಪೆನ್ಸಿಲಿನಲ್ಲೇ ಬರೆಯುವುದು ಒಳ್ಳೆಯದು. ಮೊದಲ ಸಲ ಬರೆದದ್ದು ಸಾಮಾನ್ಯವಾಗಿ 199 ಲೆಕ್ಕ ಹಾಕಿ ಬರೆದದ್ದೇ ಆಗಿರುತ್ತದೆ.